ಅಡ್ವಾನ್ಸ್ ವಾಪಸ್ ಬಾರದಿದ್ದರೆ: ಸ್ಮಾಲ್ ಕ್ಲೇಮ್ಸೋ, ಲಿಮಿಟೆಡ್ ಸಿವಿಲ್ಲೋ?

ಕ್ಯಾಲಿಫೋರ್ನಿಯಾದಲ್ಲಿ ಮನೆ ಖಾಲಿ ಮಾಡಿದ 21 ದಿನಗಳೊಳಗೆ ಮಾಲೀಕರು ಕಡಿತದ ಲೆಕ್ಕ ಕೊಟ್ಟು ಉಳಿದ ಅಡ್ವಾನ್ಸ್ ಮರಳಿಸಬೇಕು. ಕೊಡದಿದ್ದರೆ ಕೋರ್ಟಿಗೆ ಹೋಗಬಹುದು. ವೀಸಾ ಯಾವುದಾದರೂ ಅಡ್ಡಿಯಿಲ್ಲ.

ಸಣ್ಣ ಮೊತ್ತದ ವ್ಯಾಜ್ಯಗಳ ಕೋರ್ಟಾದ ಸ್ಮಾಲ್ ಕ್ಲೇಮ್ಸ್‌ನಲ್ಲಿ ಒಬ್ಬ ವ್ಯಕ್ತಿ 12,500 ಡಾಲರ್‌ವರೆಗೆ ಕೇಳಬಹುದು. ಶುಲ್ಕ ಸಾಮಾನ್ಯವಾಗಿ 30ರಿಂದ 75 ಡಾಲರ್. ವಿಚಾರಣೆಯಲ್ಲಿ ಯಾರ ಪರವೂ ವಕೀಲರು ವಾದಿಸುವಂತಿಲ್ಲ, ಜ್ಯೂರಿಯೂ ಇಲ್ಲ. ಕರಾರು, ಫೋಟೊ, ಇಮೇಲ್‌ಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಜನ ಎಡವುವುದು ಎದುರಾಳಿಗೆ ದಾವೆಯ ನೋಟಿಸ್ ತಲುಪಿಸುವುದರಲ್ಲಿ: ಅದನ್ನು ನೀವೇ ಕೊಡುವಂತಿಲ್ಲ. ಪ್ರಕರಣಕ್ಕೆ ಸಂಬಂಧಪಡದ, 18 ದಾಟಿದವರು ವಿಚಾರಣೆಗೆ ಕನಿಷ್ಠ 15 ದಿನ ಮುಂಚೆ ಕೈಗೆ ಕೊಡಬೇಕು. ಎದುರಾಳಿ ಬೇರೆ ಕೌಂಟಿಯಲ್ಲಿದ್ದರೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂತೆ) 20 ದಿನ. ಇನ್ನೊಂದು ಕಟು ನಿಯಮ: ದಾವೆ ಹೂಡಿದವರು ಸೋತರೆ ಮೇಲ್ಮನವಿಯಿಲ್ಲ, ಮಾಲೀಕರು ಸೋತರೆ ಉಂಟು.

ಲಿಮಿಟೆಡ್ ಸಿವಿಲ್ ಅಂದರೆ ಮಾಮೂಲಿ ಸಿವಿಲ್ ಕೋರ್ಟಿನ ದಾವೆ; ಅದರ ಮಿತಿ 35,000 ಡಾಲರ್. ವಕೀಲರು, ಜ್ಯೂರಿ, ಇಬ್ಬರಿಗೂ ಮೇಲ್ಮನವಿ ಎಲ್ಲ ಇದೆ. ಆದರೆ ಶುಲ್ಕವೇ 225 ಡಾಲರ್‌ನಿಂದ ಶುರು, ವಕೀಲರ ಫೀಸು ಬೇರೆ.

ಅಡ್ವಾನ್ಸ್ 3,000 ಡಾಲರ್ ಆಗಿದ್ದರೆ ಸ್ಮಾಲ್ ಕ್ಲೇಮ್ಸ್ ಸಾಕು. ದುರುದ್ದೇಶದಿಂದ ತಡೆಹಿಡಿದದ್ದು ಸಾಬೀತಾದರೆ ಅಡ್ವಾನ್ಸಿನ ಜೊತೆಗೆ ಅದರ ಎರಡರಷ್ಟನ್ನೂ ಕೋರ್ಟ್ ಕೊಡಿಸಬಹುದು; ಆಗಲೂ ಒಟ್ಟು 9,000. ಅಡ್ವಾನ್ಸ್ 5,000 ಇದ್ದರೆ ಈ ಲೆಕ್ಕ 15,000 ಆಗುತ್ತದೆ. ಹೆಚ್ಚಿನ 2,500 ಬಿಟ್ಟುಕೊಟ್ಟಾದರೂ ಸ್ಮಾಲ್ ಕ್ಲೇಮ್ಸ್‌ಗೇ ಹೋಗುವುದು ಲೇಸು, ವಕೀಲರ ಖರ್ಚು ಅದನ್ನು ಸುಲಭವಾಗಿ ಮೀರುತ್ತದೆ.