ಟರ್ಕಿ ಹುಂಜವನ್ನು ಕರೆಯಲು ಬಾಕ್ಸೋ, ಪಾಟೋ, ಡಯಾಫ್ರಾಮೋ?

ಏಪ್ರಿಲ್ ಕೊನೆಯಲ್ಲಿ ಅಮೆರಿಕದ ಮಿಸೌರಿಯ ಓಝಾರ್ಕ್ ಗುಡ್ಡಗಳಿಗೆ ಕಾಡು ಟರ್ಕಿ ಕೋಳಿಯ ಬೇಟೆಗೆ ಹೊರಡುವವರ ಕೈಚೀಲದಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಕರೆ ಸಾಧನಗಳಿರುತ್ತವೆ: ಮರದ ಬಾಕ್ಸ್ ಕಾಲ್, ಕಡ್ಡಿಯಿಂದ ಉಜ್ಜುವ ಪಾಟ್ ಕಾಲ್, ಬಾಯೊಳಗೆ ಇಟ್ಟುಕೊಳ್ಳುವ ಡಯಾಫ್ರಾಮ್. ಗಾಳಿ, ಮಂಜು, ತುಂತುರು ಮಳೆ ಎಲ್ಲದರಲ್ಲೂ ಮೂರನ್ನೂ ಬಳಸಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಅಂಗಡಿಯವರು ಹೇಳುವುದಕ್ಕಿಂತ ಬೇರೆಯಾಗಿದೆ. ಡಯಾಫ್ರಾಮ್ ಬಾರದವರು ಕಾಡಿಗೆ ಹೋಗಿ ಪ್ರಯೋಜನವಿಲ್ಲ ಎನ್ನುವ ಮಾತು ಒಬ್ಬರೇ ಕೂರುವವರ ಮಟ್ಟಿಗೆ ಸರಿ. ಜೊತೆಗೆ ಸ್ನೇಹಿತರೊಬ್ಬರಿದ್ದರೆ ಅದು ಸುಳ್ಳು.

ಕಾರಣ ಹಕ್ಕಿಯ ನಡತೆಯಲ್ಲಿದೆ. ವಸಂತದಲ್ಲಿ ಹುಂಜ ಬೆಳಕು ಹರಿಯುವ ಮೊದಲೇ ಮರದ ಮೇಲಿಂದ ಕೂಗುತ್ತದೆ, ಹೇಟೆಗಳು ಅದರ ಬಳಿಗೆ ಹೋಗುತ್ತವೆ. ಬೇಟೆಗಾರರು ಇದನ್ನು ತಿರುಗುಮುರುಗು ಮಾಡಬೇಕು: ಹೇಟೆಯ ದನಿ ಕೇಳಿಸಿ ಹುಂಜವೇ ನಡೆದು ಬರುವಂತೆ ಮಾಡಬೇಕು. ದನಿ ಬಂದ ಜಾಗವನ್ನು ಅದು ಕರಾರುವಾಕ್ಕಾಗಿ ಗುರುತಿಟ್ಟುಕೊಂಡು, ಅಲ್ಲಿ ಹೇಟೆ ಕಾಣುತ್ತದೆಯೇ ಎಂದು ಕತ್ತು ಚಾಚುತ್ತಾ ಬರುತ್ತದೆ. ಈಡು ಹಾಕಬಹುದಾದ ದೂರ ಸುಮಾರು 40 ಗಜ. ಆ ದೂರದಲ್ಲಿ ಬೆರಳು ಆಡಿದರೂ ಹಕ್ಕಿಗೆ ಕಾಣುತ್ತದೆ. ಹಾಗಾಗಿ ದನಿ ಎಷ್ಟು ಚೆನ್ನ ಎಂಬುದಕ್ಕಿಂತ, ಹುಂಜ ಕಣ್ಣಿಗೆ ಬಿದ್ದಾಗ ಕೈ ಎಲ್ಲಿರುತ್ತದೆ ಎಂಬುದನ್ನು ಮೊದಲು ನೋಡಬೇಕು.

ಬಾಕ್ಸ್ ಕಾಲ್

ಉದ್ದನೆಯ ಮರದ ಪೆಟ್ಟಿಗೆ, ಒಂದು ತುದಿಗೆ ಸ್ಕ್ರೂ ಹಾಕಿ ಕೂರಿಸಿದ ಹಿಡಿಯಿರುವ ಮುಚ್ಚಳ. ಅರ್ಕಾನ್ಸಾದ ಡಾರ್ಡನೆಲ್ ಊರಿನ ಹೆನ್ರಿ ಗಿಬ್ಸನ್ 1897ರಲ್ಲಿ ಪೇಟೆಂಟ್ ಪಡೆದ ರೂಪ ಇಂದಿಗೂ ಹೆಚ್ಚು ಬದಲಾಗಿಲ್ಲ. ಮುಚ್ಚಳದ ಅಡಿಯ ಉಬ್ಬು ಪಕ್ಕದ ತೆಳು ಹಲಗೆಯ ಅಂಚನ್ನು ಉಜ್ಜಿದಾಗ ದನಿ ಹುಟ್ಟುತ್ತದೆ. ಮುಚ್ಚಳವನ್ನು ಒಂದಂಗುಲ ಪಕ್ಕಕ್ಕೆ ಸರಿಸಿ, ಒತ್ತದೆ, ಅದರದೇ ತೂಕದಲ್ಲಿ ಅಂಚಿನ ಮೇಲೆ ಆಡಿಸಿದರೆ ಯೆಲ್ಪ್ ಬರುತ್ತದೆ, ಅಂದರೆ ಮೊದಲು ಸಣ್ಣಗೆ, ಕೂಡಲೇ ದಪ್ಪಗೆ ಒಡೆಯುವ ಹೇಟೆಯ ಮಾಮೂಲಿ ಕರೆ. ಪ್ರತಿ ಸಲ ಮುಚ್ಚಳ ಅಂಚು ಬಿಟ್ಟು ಎದ್ದರೆ ಈ ಎರಡು ದನಿಗಳ ನಡುವಿನ ಬೆಸುಗೆ ಹೋಗಿ ಬರೀ ಕಿರಿಗುಟ್ಟುತ್ತದೆ. ಹೊಸಬರ ಕೈಯಲ್ಲೂ ಹತ್ತು ನಿಮಿಷದಲ್ಲಿ ನಂಬುವಂಥ ಕರೆ ಬರುವುದು ಇದೊಂದರಲ್ಲೇ.

ಉಜ್ಜುವ ಅಂಚಿಗೆ ಹಚ್ಚುವ ಸೀಮೆಸುಣ್ಣ ಮಾತ್ರ ಎಣ್ಣೆ, ಮೇಣ ಇಲ್ಲದ್ದೇ ಆಗಬೇಕು. ಶಾಲೆಯ ಬೋರ್ಡಿನ ಸುಣ್ಣ ಹಚ್ಚಿದರೆ ಅಂಚು ನುಣುಪಾಗಿ ದನಿ ಜಾರುತ್ತದೆ. ಸ್ಕ್ರೂ ತಿರುಗಿಸಬೇಡಿ, ತಯಾರಿಸಿದವರು ಶ್ರುತಿ ಮಾಡಿಟ್ಟಿರುವುದೇ ಅಲ್ಲಿ. ನಡೆಯುವಾಗ ರಬ್ಬರ್ ಬ್ಯಾಂಡ್ ಸುತ್ತದಿದ್ದರೆ ಹೆಜ್ಜೆಹೆಜ್ಜೆಗೂ ಕೀರಲು ದನಿ ಬರುತ್ತದೆ. ಮಳೆಯಲ್ಲಿ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲದೊಳಗೆ ಕೈಸಮೇತ ಇಟ್ಟುಕೊಂಡು ಬಾರಿಸಬಹುದು. ಒಮ್ಮೆ ಒದ್ದೆಯಾದರೆ ಅಂದಿಗೆ ಮುಗಿಯಿತು.

ದನಿಯ ಗಟ್ಟಿತನದಲ್ಲಿ ಇದೇ ಮುಂದು. ಗಾಳಿ ಬೀಸುವ ದಿನ ಗುಡ್ಡದ ಏಣಿನ ಮೇಲೆ ನಿಂತು ದೂರದ ಹುಂಜದಿಂದ ಉತ್ತರ ಹೊರಡಿಸಲು ಇದಕ್ಕೆ ಸಮ ಇನ್ನೊಂದಿಲ್ಲ. ಆದರೆ ಎರಡೂ ಕೈ ಬೇಕು, ಕೈ ಆಡುವುದೂ ಎದ್ದು ಕಾಣುತ್ತದೆ. ಹಕ್ಕಿ ಹತ್ತಿರವಾದಾಗ ಬೇಕಾಗುವ ಮೆಲುದನಿಯಲ್ಲೂ ಇದು ಒರಟು.

ಪಾಟ್ ಕಾಲ್

ಅಂಗೈಯಗಲದ ಬಿಲ್ಲೆ, ಅಡಿಯಲ್ಲಿ ತೂತುಗಳು, ಮೇಲೆ ಸ್ಲೇಟ್, ಗಾಜು ಅಥವಾ ಅಲ್ಯೂಮಿನಿಯಂ. ನಮ್ಮ ಮತ ಇದಕ್ಕೇ, ಅದಕ್ಕೇ ವಿವರವೂ ಹೆಚ್ಚು.

ಮೊದಲ ಕೆಲಸ ಮೇಲ್ಮೈಯನ್ನು ಒರಟು ಮಾಡುವುದು. ಸ್ಲೇಟಿಗೆ ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್ ಸಾಕು. ಗಾಜಿಗೆ 80ರಿಂದ 100 ನಂಬರಿನ ಮರಳು ಕಾಗದ ಬೇಕು, ಅದೂ ಬಲ ಹಾಕಿ. ಒಂದೇ ದಿಕ್ಕಿಗೆ ಉಜ್ಜಿ, ಕಡ್ಡಿಯನ್ನು ಆ ಗೀರುಗಳಿಗೆ ಅಡ್ಡಲಾಗಿ ಆಡಿಸಿ. ದುಂಡಗೆ ಉಜ್ಜಿದರೆ ಕಡ್ಡಿ ಒಮ್ಮೆ ಕಚ್ಚುತ್ತದೆ, ಒಮ್ಮೆ ಜಾರುತ್ತದೆ. ಮರದ ಕಡ್ಡಿಯ ತುದಿಯನ್ನೂ ಆಗಾಗ ಮರಳು ಕಾಗದದಿಂದ ಕೆರೆಯಬೇಕು. ಹೊಳಪು ಕಂಡರೆ ದನಿ ಕೆಟ್ಟಿದೆ ಎಂದೇ ಅರ್ಥ.

ಬಿಲ್ಲೆಯನ್ನು ಅಂಗೈಗೆ ಅಂಟಿಸಿ ಹಿಡಿಯುವುದು ಹೊಸಬರ ದೊಡ್ಡ ತಪ್ಪು. ತೂತು ಮುಚ್ಚಿದರೆ ದನಿ ಸಾಯುತ್ತದೆ. ಬೆರಳ ತುದಿಗಳಲ್ಲಿ ಎತ್ತಿ ಹಿಡಿದು ಕೆಳಗೆ ಟೊಳ್ಳು ಬಿಡಿ. ಕಡ್ಡಿಯನ್ನು ಪೆನ್ನಿನಂತೆ ಹಿಡಿದು ಸ್ವಲ್ಪ ಓರೆ ಮಾಡಿ, ತುದಿ ಎತ್ತದೆ ಚಿಕ್ಕ ಮೊಟ್ಟೆಯಾಕಾರ ಬರೆದರೆ ಯೆಲ್ಪ್. ಒತ್ತಿ ಫಟ್ಟನೆ ತನ್ನ ಕಡೆಗೆ ಎಳೆದರೆ ಕ್ಲಕ್, ಹೇಟೆಯ ಚಿಕ್ಕ ಒಂಟಿ ಕರೆ. ಕಡ್ಡಿಯ ಭಾರದಲ್ಲೇ ಒಂದಂಗುಲ ನಿಧಾನವಾಗಿ ಎಳೆದರೆ ಪರ್, ಮೇಯುತ್ತಿರುವ ಹೇಟೆಯ ನೆಮ್ಮದಿಯ ಗುರುಗುರು. ಅಂಚಿನತ್ತ ಹೋದಂತೆ ದನಿ ಸಣ್ಣ, ನಡುವಿಗೆ ಬಂದಂತೆ ದಪ್ಪ. ಈ ಮೂರು ಕರೆ ಕೈಗೆ ಹತ್ತಿದರೆ ಒಂದು ವಾರಾಂತ್ಯಕ್ಕೆ ಧಾರಾಳವಾಯಿತು. ಕಡ್ಡಿ ಏಕಾಏಕಿ ಕೀಚಲು ದನಿ ಹೊರಡಿಸಿದರೆ ಬೆರಳ ಜಿಡ್ಡು ತಾಗಿದೆ ಎಂದುಕೊಳ್ಳಿ. ಮೇಲ್ಮೈ ಮುಟ್ಟಬಾರದು, ಮುಟ್ಟಿದರೆ ಮತ್ತೆ ಉಜ್ಜಬೇಕು. ಸ್ಲೇಟಿನ ಮೃದು ದನಿ ಮಂಜಿಗೇ ಸೋಲುತ್ತದೆ; ಗಾಜು ಮತ್ತು ಕಾರ್ಬನ್ ಕಡ್ಡಿಯ ಜೋಡಿ ಒರೆಸಿಕೊಂಡರೆ ತೇವದಲ್ಲೂ ನಡೆಯುತ್ತದೆ. ಒಂದೇ ಕೊಳ್ಳುವುದಾದರೆ ಗಾಜಿನದು, ಕಡ್ಡಿ ಎರಡು.

ಡಯಾಫ್ರಾಮ್

ಕುದುರೆ ಲಾಳದಾಕಾರದ ಚೌಕಟ್ಟಿಗೆ ಬಿಗಿದ ಒಂದರಿಂದ ನಾಲ್ಕು ಪದರ ಲೇಟೆಕ್ಸ್, ಸುತ್ತ ಟೇಪು. ತೆರೆದ ಬದಿ ಹಲ್ಲಿನ ಕಡೆಗಿರಬೇಕು. ಅಂಗುಳಿಗೆ ಒತ್ತಿ, ನಾಲಿಗೆಯಿಂದ ಬಿಗಿಹಿಡಿದು, ಹೊಟ್ಟೆಯಿಂದ ಉಸಿರು ತಳ್ಳಬೇಕು. ಕೆನ್ನೆಯಿಂದ ಊದಿದರೆ ಬುಸ್ಸೆನ್ನುತ್ತದೆ ಅಷ್ಟೆ. ಓಕರಿಕೆ ಬಂದರೆ ಟೇಪಿನ ಅಂಚನ್ನು ಕತ್ತರಿಯಿಂದ ಸ್ವಲ್ಪಸ್ವಲ್ಪವೇ ಕತ್ತರಿಸಿ ಅಂಗುಳಿಗೆ ಹೊಂದಿಸಿಕೊಳ್ಳಿ. ಕಲಿಯಲು ಎರಡು ಪದರದ್ದೇ ಸಾಕು. ಪೆಟ್ಟಿಗೆಯ ಮೇಲಿನ ಬಣ್ಣಬಣ್ಣದ ಹೆಸರುಗಳಿಗೆ ಮರುಳಾಗಬೇಡಿ.

ಕೈ ಪೂರ್ತಿ ಬಿಡುವು, ಮಳೆಯ ಭಯವಿಲ್ಲ, ಬೆಲೆಯೂ ಎಲ್ಲಕ್ಕಿಂತ ಕಡಿಮೆ. ತೊಡಕು ಒಂದೇ: ಫೆಬ್ರವರಿಯಿಂದ ಕಾರಿನಲ್ಲಿ ದಿನಾ ಅಭ್ಯಾಸ ಮಾಡಿದವರಿಗೆ ಏಪ್ರಿಲ್‌ಗೆ ಒಲಿಯುತ್ತದೆ. ಶುಕ್ರವಾರ ಕೊಂಡು ಶನಿವಾರ ಬಾಯಿಗೆ ಹಾಕಿಕೊಂಡರೆ ಆ ಗುಡ್ಡದ ಹುಂಜಗಳೆಲ್ಲ ಬಾಯಿ ಮುಚ್ಚುತ್ತವೆ.

ಇಬ್ಬರಿದ್ದಾಗ

ಕೋವಿ ಹಿಡಿದವರು ಮುಂದೆ, ಕರೆಯುವವರು 25ರಿಂದ 40 ಗಜ ಹಿಂದೆ. ಹುಂಜ ಸಾಮಾನ್ಯವಾಗಿ ದನಿಯಿಂದ 60, 70 ಗಜದಲ್ಲಿ ತಡೆದು ನಿಂತು, ಹೇಟೆಯೇ ಬರಲಿ ಎಂದು ಗರಿ ಬಿಚ್ಚಿ ಕಾಯುತ್ತದೆ. ಒಬ್ಬರೇ ಇದ್ದರೆ ಆಟ ಅಲ್ಲಿಗೆ ನಿಲ್ಲುತ್ತದೆ. ಇಬ್ಬರಿದ್ದರೆ ಅದು ನಿಂತ ಜಾಗ ಹೆಚ್ಚಾಗಿ ಮುಂದಿನವರ ಗುರಿಯೊಳಗೇ ಇರುತ್ತದೆ. ಹಿಂದಿನವರ ಕೈ ಆಡುವುದು ಹಕ್ಕಿಗೆ ಕಾಣದ ಕಾರಣ ಪಾಟ್, ಬಾಕ್ಸ್ ಎರಡೂ ನಿರಾತಂಕ. ಡಯಾಫ್ರಾಮಿನ ಮುಖ್ಯ ಮೇಲುಗೈ ಇಲ್ಲಿ ಕರಗಿಹೋಗುತ್ತದೆ. ಹುಂಜ ಉತ್ತರ ಕೊಡುತ್ತಾ ಹತ್ತಿರವಾಗುತ್ತಿದ್ದರೆ ಐದಾರು ಯೆಲ್ಪ್ ಹಾಕಿ ಹದಿನೈದು ನಿಮಿಷ ಸುಮ್ಮನಿರಿ. ಹುಂಜ ನಿಂತೇಬಿಟ್ಟರೆ ಹಿಂದಕ್ಕೆ ಮುಖ ತಿರುಗಿಸಿ ಮೆಲ್ಲಗೆ ಒಂದು ಪರ್, ಜೊತೆಗೆ ತರಗೆಲೆ ಕೆರೆದ ಸದ್ದು: ಹೇಟೆ ದೂರ ಹೋಗುತ್ತಿದೆ ಎಂಬ ಭ್ರಮೆಗೆ ಅದು ಸಾಕು.

ಮುಂದಿನವರು ಎಡಗೈ ಕಡೆ ಹಕ್ಕಿ ಬರುವಂತೆ ಕೂತರೆ ಬಲಗೈಯವರಿಗೆ ಕೋವಿ ತಿರುಗಿಸಲು ಹೆಚ್ಚು ಜಾಗ. ಗುರಿ ತಲೆ-ಕತ್ತಿಗೆ, 40 ಗಜದಲ್ಲಿ 10 ಅಂಗುಲದ ವೃತ್ತದೊಳಗೆ ಸುಮಾರು 100 ಚರೆ ಬೀಳುತ್ತವೆಯೇ ಎಂದು ಕಾಗದದ ಮೇಲೆ ಮೊದಲೇ ಪರೀಕ್ಷಿಸಿಕೊಳ್ಳಿ. ಹಿಂದಿನವರು ಮುಂಚೆ ಹೇಳಿಕೊಂಡ ಮರ ಬಿಟ್ಟು ಕದಲಬಾರದು, ಅವರ ಕೋವಿಯಲ್ಲಿ ತೋಟಾ ಇರಬಾರದು. ಇಬ್ಬರೂ ಬೆನ್ನಿಗಿಂತ ಅಗಲವಾದ ಮರಕ್ಕೆ ಒರಗಿ ಕೂರಬೇಕು. ಹುಂಜದ ತಲೆಯ ಬಣ್ಣಗಳಾದ ಕೆಂಪು, ಬಿಳಿ, ನೀಲಿ ಮೈಮೇಲೆ ಬೇಡ, ಕಾಲುಚೀಲದಲ್ಲೂ ಬೇಡ. ಬೇರೆ ಬೇಟೆಗಾರರು ಬರುವುದು ಕಂಡರೆ ಕೈ ಬೀಸದೆ ಗಟ್ಟಿಯಾಗಿ ಮಾತಾಡಿ.

ಮಿಸೌರಿಯಲ್ಲಿ ಧ್ವನಿಮುದ್ರಿತ ಕರೆ ಬಳಸುವಂತಿಲ್ಲ, ಚರೆ 4ನೇ ನಂಬರಿಗಿಂತ ದಪ್ಪವಿರುವಂತಿಲ್ಲ (ನಂಬರು ಚಿಕ್ಕದಾದಷ್ಟೂ ಚರೆ ದಪ್ಪ). ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದಲ್ಲಿರುವ ಕನ್ನಡಿಗರಿಗೆ ಇನ್ನೊಂದು ಮಾತು: ಫೆಡರಲ್ ಕಾನೂನಿನ ಪ್ರಕಾರ ಅಂಥವರು ಕೋವಿ ಇಟ್ಟುಕೊಳ್ಳುವಂತಿಲ್ಲ, ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಉಂಟು. ಸ್ನೇಹಿತರ ಕೋವಿ ಮುಟ್ಟುವ ಮೊದಲೇ ಆ ಪರವಾನಗಿ ಕೈಯಲ್ಲಿರಲಿ.

ಋತು ಮುಗಿದ ಮೇಲೆ ಡಯಾಫ್ರಾಮನ್ನು ನೀರಿನಲ್ಲಿ ತೊಳೆದು, ಪದರಗಳ ನಡುವೆ ಚಪ್ಪಟೆ ಹಲ್ಲುಕಡ್ಡಿ ಸಿಕ್ಕಿಸಿ ಫ್ರಿಜ್‌ನಲ್ಲಿಡಿ. ಬಿಸಿಲಿಗೆ ಕಾರಿನಲ್ಲಿ ಬಿಟ್ಟರೆ ಲೇಟೆಕ್ಸ್ ಅಂಟಿಕೊಳ್ಳುತ್ತದೆ. ಪಾಟ್‌ನ ಮೇಲೆ ಬಟ್ಟೆಯ ತುಂಡು, ಬಾಕ್ಸ್‌ಗೆ ರಬ್ಬರ್ ಬ್ಯಾಂಡ್, ಎರಡನ್ನೂ ತೇವವಿಲ್ಲದ ಕಪಾಟಿನಲ್ಲಿ ಇಟ್ಟರಾಯಿತು.