ಟ್ಯಾಂಕಿಗೊಂದು ಚಂದ್ರ: ಮೂನ್‌ಲೈಟ್ ಪಟ್ಟಿಯ ಜೊತೆ ಎಂಟು ತಿಂಗಳು

ನಮ್ಮ ಮನೆಯ ಹಾಲ್‌ನಲ್ಲಿ ಸಮುದ್ರದ ನೀರಿನ ಟ್ಯಾಂಕ್ ಒಂದಿದೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಸುಮಾರು 190 ಲೀಟರ್ ನೀರು ಹಿಡಿಯುತ್ತದೆ. ಬೆಂಗಳೂರಿಗೆ ಬಂದು ಹದಿನಾಲ್ಕು ವರ್ಷವಾದರೂ ಕುಮಟಾದ ಕಡಲು ತಲೆಯಿಂದ ಹೋಗಿಲ್ಲ, ಅದಕ್ಕೇ ಇದು. ಒಂದು ಜೋಡಿ ಕ್ಲೌನ್ ಮೀನು, ಎರಡು ಕ್ಲೀನರ್ ಸೀಗಡಿ, ಒಂದಷ್ಟು ಬಸವನಹುಳು. ಮತ್ತೆ ಸಾಫ್ಟ್ ಕೋರಲ್‌ಗಳು, ಅಂದರೆ ಮೆದು ಹವಳಗಳು: ಝೋವಾಂಥಿಡ್, ಮಶ್ರೂಮ್, ಒಂದು ದೊಡ್ಡ ಲೆದರ್. ಗಟ್ಟಿ ಹವಳ ಇಟ್ಟಿಲ್ಲ, ಇಡುವುದೂ ಇಲ್ಲ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ, ಹುಲಿಯ ಜೊತೆ. ನೇತ್ರಾಣಿ ದ್ವೀಪದ ಹವಳ ನೇತ್ರಾಣಿಯಲ್ಲೇ ಇರಲಿ.

ಮೂನ್‌ಲೈಟ್ (ರಾತ್ರಿ ಟ್ಯಾಂಕಿಗೆ ಬೆಳದಿಂಗಳಂಥ ಮಂಕು ಬೆಳಕು ಕೊಡುವ ದೀಪ) ತಗೊಳ್ಳಲು ಕಾರಣ ಮೀನುಗಳು. ರಾತ್ರಿ ಎಂಟಕ್ಕೆ ದೊಡ್ಡ ಲೈಟ್ ಟಪ್ ಅಂತ ಆರುತ್ತಿತ್ತು. ಆ ಕ್ಷಣಕ್ಕೆ ಎರಡೂ ಕ್ಲೌನ್‌ಗಳು ಬೆದರಿ ಗಾಜಿಗೆ ಬಡಿದುಕೊಳ್ಳುತ್ತಿದ್ದವು. ಕಡಲಲ್ಲಿ ಹಾಗೆ ಕತ್ತಲಾಗುವುದಿಲ್ಲ, ಅಲ್ವಾ? ಸಂಜೆ ಇಳಿಯುತ್ತದೆ, ಮಬ್ಬಾಗುತ್ತದೆ, ಆಮೇಲೆ ಕತ್ತಲು. ಹಾಗಾಗಿ ಆನ್‌ಲೈನ್‌ನಲ್ಲಿ ಹುಡುಕಿ 2,600 ರೂಪಾಯಿ ಕೊಟ್ಟು ಒಂದು ಪಟ್ಟಿ ತರಿಸಿದೆ. ಎರಡಡಿ ಉದ್ದದ ಎಲ್‌ಇಡಿ ಪಟ್ಟಿ, ಗಾಜಿನ ಅಂಚಿಗೆ ಸಿಕ್ಕಿಸುವ ಎರಡು ಕ್ಲಿಪ್, ಬೆಂಕಿಪೊಟ್ಟಣದ ಗಾತ್ರದ ಕಂಟ್ರೋಲರ್, ಒಂದು ಅಡಾಪ್ಟರ್. ಇದೇ ಮಾಲು ನಾಲ್ಕೈದು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ, ಹಾಗಾಗಿ ಹೆಸರು ಹೇಳಿಯೂ ಪ್ರಯೋಜನವಿಲ್ಲ. ಕಂಟ್ರೋಲರ್ ಮೇಲೆ ಚಂದ್ರನ ಚಿತ್ರವಿದ್ದು, 'ಲೂನಾರ್' ಅನ್ನುವ ಮೋಡ್ ಇದ್ದರೆ ಹೆಚ್ಚುಕಡಿಮೆ ಅದೇ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಪಟ್ಟಿ ಗಟ್ಟಿಮುಟ್ಟಾಗಿದೆ. ಎಂಟು ತಿಂಗಳ ಉಪ್ಪಿನ ಹನಿಗೆ ಒಂದು ದೀಪವೂ ಕೆಟ್ಟಿಲ್ಲ. ಒದ್ದೆ ಬಟ್ಟೆಯಲ್ಲಿ ವಾರಕ್ಕೊಮ್ಮೆ ಒರೆಸಿದರೆ ಸಾಕು. ಫ್ಯಾನ್ ಇಲ್ಲ, ಹಾಗಾಗಿ ಸದ್ದಿಲ್ಲ. ದೊಡ್ಡ ಲೈಟ್ ಆರುವ ಅರ್ಧ ಗಂಟೆ ಮೊದಲು ಇದು ಹೊತ್ತಿಕೊಂಡು ನಿಧಾನವಾಗಿ ಇಳಿಯುವ ಹಾಗೆ ಇಡಬಹುದು. ಅಷ್ಟು ಮಾಡಿದ ದಿನದಿಂದ ಕ್ಲೌನ್‌ಗಳು ಗಾಜಿಗೆ ಬಡಿದಿಲ್ಲ. ಮೆಲ್ಲಗೆ ಬಂದು ಲೆದರ್ ಕೋರಲ್‌ನ ಬುಡದಲ್ಲಿ ಒರಗಿ ಮಲಗುತ್ತವೆ. ನನಗೆ ಬೇಕಿದ್ದ ಮೊದಲ ಕೆಲಸವನ್ನು ಇದು ಚೆನ್ನಾಗಿ ಮಾಡಿತು.

ತೊಂದರೆ ಆಮೇಲೆ ಗೊತ್ತಾಯಿತು. ಅತಿ ಕಡಿಮೆ ಅಂದರೆ 1 ಪರ್ಸೆಂಟ್‌ಗೆ ಇಟ್ಟರೂ ಝೋವಾಂಥಿಡ್‌ಗಳು ರಾತ್ರಿ ಹೂವಿನ ಹಾಗೆ ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ. ಮೊದಲು ಅವು ಎಂಟೂವರೆಗೆಲ್ಲ ಮೊಗ್ಗಾಗುತ್ತಿದ್ದವು. ಈಗ ರಾತ್ರಿ ಹನ್ನೊಂದಕ್ಕೂ ಅರ್ಧ ಬಿಚ್ಚಿಕೊಂಡೇ ಇರುತ್ತಿದ್ದವು. ನಮ್ಮ ಬಿಲ್ಡಿಂಗಿನಲ್ಲಿ ಫೋಟೋ ತೆಗೆಯುವ ಹುಡುಗ ಒಬ್ಬನಿದ್ದಾನೆ. ಅವನ ಹತ್ತಿರ ಬೆಳಕು ಅಳೆಯುವ ಲಕ್ಸ್ ಮೀಟರ್ ಇಸಕೊಂಡು ಬಂದು, ಹಾಲ್‌ನ ದೀಪವೆಲ್ಲ ಆರಿಸಿ, ನೀರಿನ ಮೇಲ್ಮೈಯಲ್ಲಿ ಹಿಡಿದೆ. 9 ಲಕ್ಸ್ ಬಂತು.

9 ಅಂದರೆ ಏನು ಮಹಾ ಅನ್ನಿಸಬಹುದು. ಮೋಡವಿಲ್ಲದ ರಾತ್ರಿ, ನೆತ್ತಿಯ ಮೇಲಿನ ಹುಣ್ಣಿಮೆ ಚಂದ್ರ ಕೊಡುವುದು ಹೆಚ್ಚೆಂದರೆ 0.3 ಲಕ್ಸ್. ಅಂದರೆ ನನ್ನ ಟ್ಯಾಂಕಿನ ಮೇಲೆ ದಿನಾ ರಾತ್ರಿ ಮೂವತ್ತು ಹುಣ್ಣಿಮೆ ಒಟ್ಟಿಗೆ ಬೆಳಗುತ್ತಿದ್ದವು. ಅದೂ ಅತಿ ಕಡಿಮೆ ಸೆಟ್ಟಿಂಗ್‌ನಲ್ಲಿ! ಡಬ್ಬದ ಮೇಲಿನ ಚಿತ್ರದಲ್ಲಿ ಟ್ಯಾಂಕ್ ಪೂರ್ತಿ ನೀಲಿಯಾಗಿ ಹೊಳೆಯುತ್ತದೆ, ಹಸಿರು ಕೋರಲ್‌ಗಳು ಕೆಂಡದ ಹಾಗೆ ಉರಿಯುತ್ತವೆ. ನೋಡಲು ಚೆಂದ ನಿಜ. ನೀಲಿ ಬೆಳಕು ಬಿದ್ದಾಗ ಕೋರಲ್ ಒಳಗಿನ ಬಣ್ಣಗಳು ಹಾಗೆ ಹೊಳೆಯುತ್ತವೆ. ಆದರೆ ಕಣ್ಣಿಗೆ ಅಷ್ಟು ಹೊಳೆಯುವಷ್ಟು ಬೆಳಕಿದ್ದರೆ ಅದು ಕೋರಲ್‌ಗೆ ರಾತ್ರಿಯಲ್ಲ.

ಬಣ್ಣದ ಬಗ್ಗೆಯೂ ಒಂದು ಮಾತು. ಬೆಳದಿಂಗಳು ನೀಲಿ ಅಲ್ಲ. ಅದು ಚಂದ್ರನಿಗೆ ಬಡಿದು ವಾಪಸ್ ಬಂದ ಬಿಸಿಲು, ಬಿಸಿಲಿಗಿಂತ ಸ್ವಲ್ಪ ಕೆಂಪಿನ ಕಡೆಗೇ ವಾಲಿರುತ್ತದೆ. ಮಬ್ಬಿನಲ್ಲಿ ನಮ್ಮ ಕಣ್ಣು ಕೆಂಪನ್ನು ಕಾಣುವುದು ಕಡಿಮೆಯಾಗಿ, ನೀಲಿಯ ಕಡೆ ಚುರುಕಾಗುತ್ತದೆ, ಅದಕ್ಕೇ ಬೆಳದಿಂಗಳು ನಮಗೆ ನೀಲಿ ಅನ್ನಿಸುತ್ತದೆ. ಇದನ್ನು ಗುರುತಿಸಿದ ಚೆಕ್ ವಿಜ್ಞಾನಿ ಪುರ್ಕಿನ್ಯೆಯ ಹೆಸರೇ ಅದಕ್ಕಿದೆ. ನಮ್ಮವರು ಹಾಲುಬೆಳದಿಂಗಳು ಅಂದರು, ನೀಲಿ ಬೆಳದಿಂಗಳು ಅನ್ನಲಿಲ್ಲ. ಹಾಗಂತ ನೀಲಿ ಎಲ್‌ಇಡಿ ಪೂರ್ತಿ ತಪ್ಪೂ ಅಲ್ಲ. ನೀರು ಮೊದಲು ಕೆಂಪನ್ನು ನುಂಗುತ್ತದೆ, ಹಾಗಾಗಿ ಹತ್ತು ಮೀಟರ್ ಆಳದ ಹವಳಕ್ಕೆ ತಲುಪುವುದರಲ್ಲಿ ನೀಲಿಯೇ ಜಾಸ್ತಿ. ಈ ಪಟ್ಟಿಯಲ್ಲಿ ನೀಲಿಯ ಜೊತೆ ನಾಲ್ಕು ಬಿಳಿ ದೀಪವೂ ಇವೆ, ಬೇರೆ ಬೇರೆ ಹೊತ್ತಿಸಬಹುದು. ನಾನು ಎರಡನ್ನೂ ಸಮ ಇಟ್ಟಿದ್ದೇನೆ.

ಬೆಳಕು ಇಳಿಸಲು ಏನೇನೋ ಮಾಡಿದೆ. ಟ್ರೇಸಿಂಗ್ ಪೇಪರ್ ಹಚ್ಚಿದೆ, ತೇವಕ್ಕೆ ಸುರುಟಿಕೊಂಡಿತು. ಸೊಳ್ಳೆ ಪರದೆ ಮಡಚಿ ಕಟ್ಟಿದೆ, ಉಪ್ಪು ಹಿಡಿಯಿತು. ಕೊನೆಗೆ ಕೆಲಸಕ್ಕೆ ಬಂದದ್ದು ಪಕ್ಕದ ಮನೆಯವರು ಕಿಟಕಿ ಗಾಜಿಗೆ ಹಾಕಿಸಿ ಉಳಿಸಿದ್ದ ಸನ್ ಫಿಲ್ಮ್. ಐದರಲ್ಲಿ ಒಂದು ಪಾಲು ಬೆಳಕು ಮಾತ್ರ ಬಿಡುವ ಫಿಲ್ಮ್ ಅದು. ಪಟ್ಟಿಯ ಅಗಲಕ್ಕೆ ಕತ್ತರಿಸಿ, ಒಂದರ ಮೇಲೊಂದು ನಾಲ್ಕು ಪದರ ಅಂಟಿಸಿದೆ. ಈಗ ಕಂಟ್ರೋಲರ್ 25 ಪರ್ಸೆಂಟ್‌ನಲ್ಲಿದ್ದಾಗ ಮೀಟರ್ 0.3 ತೋರಿಸುತ್ತದೆ. ಅದೇ ನನ್ನ ಹುಣ್ಣಿಮೆ. ಮೊದಲ ರಾತ್ರಿ ಹಾಲ್‌ಗೆ ಬಂದು ನೋಡಿದಾಗ ದೀಪ ಹೊತ್ತೇ ಇಲ್ಲ ಅನ್ನಿಸಿತು. ಕತ್ತಲಲ್ಲಿ ಹತ್ತು ನಿಮಿಷ ಸುಮ್ನೆ ಕೂತೆ. ಆಮೇಲೆ ಒಂದೊಂದೇ ಕಾಣಿಸಿತು. ಕಲ್ಲಿನ ಅಂಚು, ಸೀಗಡಿಯ ಬಿಳಿ ಮೀಸೆ, ಮರಳಿನ ಮೇಲೆ ಲೆದರ್‌ನ ನೆರಳು. ಚಿಕ್ಕವಳಿದ್ದಾಗ ಅಂಗಳದಲ್ಲಿ ಬೆಳದಿಂಗಳ ಊಟಕ್ಕೆ ಕೂತಾಗ ಎಲೆಯ ಮೇಲಿನ ಅನ್ನ ಹೀಗೇ ನಿಧಾನಕ್ಕೆ ಕಾಣುತ್ತಿತ್ತು. ಝೋವಾಂಥಿಡ್‌ಗಳು ಅವತ್ತು ಎಂಟೂಮುಕ್ಕಾಲಿಗೆ ಮುಚ್ಚಿಕೊಂಡವು.

ಇನ್ನು 'ಲೂನಾರ್' ಮೋಡ್. ಇದರಲ್ಲಿ ಮೂರು ತಪ್ಪಿವೆ, ಮೂರನೆಯದು ದೊಡ್ಡದು.

ಒಂದು, ತಿಂಗಳನ್ನು ಅದು 30 ದಿನ ಅಂತ ಎಣಿಸುತ್ತದೆ. ಚಂದ್ರನ ತಿಂಗಳು ಇಪ್ಪತ್ತೊಂಬತ್ತೂವರೆ ದಿನ. ನಾಲ್ಕು ತಿಂಗಳಿಗೆ ಎರಡು ದಿನ ಹಿಂದೆ ಬೀಳುತ್ತದೆ, ಆಗಾಗ ಸರಿಮಾಡಬೇಕು. ಎರಡು, ಅಷ್ಟಮಿಯ ಅರ್ಧ ಚಂದ್ರನಿಗೆ ಹುಣ್ಣಿಮೆಯ ಅರ್ಧ ಬೆಳಕು ಕೊಡುತ್ತದೆ. ಲೆಕ್ಕ ಸರಿ ಕಾಣಬಹುದು, ಆದರೆ ಆಕಾಶದಲ್ಲಿ ಹಾಗಿಲ್ಲ. ಅಷ್ಟಮಿ ಚಂದ್ರನ ಬೆಳಕು ಹುಣ್ಣಿಮೆಯದರ ಹತ್ತನೇ ಒಂದು ಪಾಲು, ಅಷ್ಟೇ. ಓರೆ ಬಿಸಿಲಿನಲ್ಲಿ ಚಂದ್ರನ ಮೇಲಿನ ಗುಂಡಿ, ದಿಬ್ಬಗಳ ನೆರಳು ಉದ್ದ ಚಾಚಿಕೊಂಡಿರುವುದು ಅದಕ್ಕೆ ಒಂದು ಕಾರಣ.

ಮೂರನೆಯದನ್ನು ಕಂಡುಹಿಡಿದವರು ನನ್ನ ಅಮ್ಮ. ಅವರು ಪ್ರತಿ ಸಂಕಷ್ಟಿಗೆ ಉಪವಾಸ ಮಾಡುತ್ತಾರೆ. ಚಂದ್ರನನ್ನು ನೋಡಿ, ಅರ್ಘ್ಯ ಬಿಟ್ಟೇ ಊಟ. ಅವತ್ತು ಒಂಬತ್ತು ಗಂಟೆಯಾದರೂ ಬಾಲ್ಕನಿಯಲ್ಲಿ ಚಂದ್ರ ಕಾಣಲಿಲ್ಲ. ಒಳಗೆ ಬಂದು ಟ್ಯಾಂಕಿನ ಮುಂದೆ ನಿಂತರು. "ಹೊರಗೆ ಇನ್ನೂ ಚಂದ್ರನೇ ಹುಟ್ಟಲಿಲ್ಲ. ನಿನ್ನ ಮೀನಿಗೆ ಏಳೂವರೆಗೇ ಬೆಳದಿಂಗಳು ಬಂತಲ್ಲೇ ಕೂಸೇ?" ಅಂದರು.

ಹೌದಲ್ಲ! ಈ ಕಂಟ್ರೋಲರ್‌ಗೆ ಚಂದ್ರ ಎಷ್ಟು ದೊಡ್ಡ ಅಂತ ಗೊತ್ತು, ಯಾವಾಗ ಹುಟ್ಟುತ್ತಾನೆ ಅಂತ ಗೊತ್ತಿಲ್ಲ. ತಿಂಗಳ ಮೂವತ್ತೂ ದಿನ ದೊಡ್ಡ ಲೈಟ್ ಆರುವ ಹೊತ್ತಿಗೇ ಚಂದ್ರ ಹಾಜರು, ಬೆಳಗಿನವರೆಗೂ ಇರುತ್ತಾನೆ. ನಿಜದ ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಹುಣ್ಣಿಮೆ ದಿನ ಸೂರ್ಯ ಮುಳುಗುವ ಹೊತ್ತಿಗೆ ಬಂದವನು, ಬಹುಳ ಚೌತಿಗೆ ಒಂಬತ್ತರ ಆಸುಪಾಸು, ಬಹುಳ ಅಷ್ಟಮಿಗೆ ಮಧ್ಯರಾತ್ರಿ.

ಇದು ಸಣ್ಣ ವಿಷಯ ಅಲ್ಲ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ವರ್ಷಕ್ಕೊಮ್ಮೆ ನೂರಕ್ಕೂ ಹೆಚ್ಚು ಬಗೆಯ ಹವಳಗಳು ಒಟ್ಟಿಗೆ ಮೊಟ್ಟೆ ಬಿಡುತ್ತವೆ. 1980ರ ದಶಕದ ಮೊದಲ ವರ್ಷಗಳಲ್ಲಿ ವಿಜ್ಞಾನಿಗಳು ಇದನ್ನು ಕಂಡರು. ಅದು ನಡೆಯುವುದು ಹುಣ್ಣಿಮೆ ಕಳೆದ ನಾಲ್ಕರಿಂದ ಆರನೇ ರಾತ್ರಿಯ ಒಳಗೆ. ನಮ್ಮ ಲೆಕ್ಕದಲ್ಲಿ ಚೌತಿ, ಪಂಚಮಿ, ಷಷ್ಠಿ. ಹುಣ್ಣಿಮೆಯ ದಿನವೇ ಯಾಕಲ್ಲ? 2021ರಲ್ಲಿ ತೈವಾನ್‌ನ ಸಂಶೋಧಕರು ಒಂದು ಜಾತಿಯ ಹವಳದ ಮೇಲೆ ಪ್ರಯೋಗ ಮಾಡಿ ತೋರಿಸಿದರು: ಸೂರ್ಯ ಮುಳುಗಿ ಚಂದ್ರ ಹುಟ್ಟುವ ನಡುವೆ ಬರುವ ಕತ್ತಲೆಯೇ ಅದಕ್ಕೆ ಸೂಚನೆ. ಹುಣ್ಣಿಮೆವರೆಗೆ ಸಂಜೆಯಾದ ಕೂಡಲೇ ಬೆಳಕಿರುತ್ತದೆ, ಕಳೆದ ಮೇಲೆ ಮೊದಲ ಬಾರಿಗೆ ಸಂಜೆಯ ಕತ್ತಲೆ ಬರುತ್ತದೆ. ಹವಳ ಆ ಕತ್ತಲೆಯಿಂದ ದಿನ ಎಣಿಸುತ್ತದೆ. ಓದಿ ಮೈ ಜುಮ್ಮೆಂದಿತು. ಅಮ್ಮ ಚಂದ್ರನಿಗೆ ಕಾಯುತ್ತಾ ಬಾಲ್ಕನಿಯಲ್ಲಿ ನಿಲ್ಲುವ ಅದೇ ಕತ್ತಲೆ ಅದು.

ನನ್ನ ಸಾಫ್ಟ್ ಕೋರಲ್‌ಗಳು ಮೊಟ್ಟೆ ಬಿಡಲಿ ಅಂತ ನಾನು ಇದನ್ನು ಮಾಡುತ್ತಿಲ್ಲ. ಅದಕ್ಕೆ ಚಂದ್ರನೊಬ್ಬನೇ ಸಾಲದು. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನವರು ಟ್ಯಾಂಕಿನಲ್ಲೇ ಅಕ್ರೋಪೋರಾ ಹವಳಗಳು ಮೊಟ್ಟೆ ಬಿಡುವಂತೆ ಮಾಡಿ 2017ರಲ್ಲಿ ವಿವರ ಪ್ರಕಟಿಸಿದರು. ಅದಕ್ಕಾಗಿ ಅವರು ವರ್ಷಪೂರ್ತಿಯ ನೀರಿನ ಬಿಸಿ, ಹಗಲಿನ ಉದ್ದ, ಬಿಸಿಲು, ಚಂದ್ರ ಎಲ್ಲವನ್ನೂ ಹವಳದ ಊರಿನ ಹಾಗೇ ನಡೆಸಿದ್ದರು. 2019ರಲ್ಲಿ ಅವರ ಜೊತೆ ಸೇರಿ ಫ್ಲೋರಿಡಾ ಅಕ್ವೇರಿಯಂನವರು ಅಳಿವಿನಂಚಿನ ಪಿಲ್ಲರ್ ಕೋರಲ್‌ನಲ್ಲೂ ಇದನ್ನು ಸಾಧಿಸಿದರು. ನನ್ನದು ಅಷ್ಟು ದೊಡ್ಡ ಆಸೆಯಲ್ಲ. ಮನೆಯಲ್ಲಿ ತಂದಿಟ್ಟುಕೊಂಡ ಜೀವಗಳಿಗೆ ಸರಿಯಾದ ರಾತ್ರಿ ಕೊಡಬೇಕು ಅಂತ ಅಷ್ಟೇ.

ಈಗ 'ಲೂನಾರ್' ಮೋಡ್ ಬಳಸುವುದನ್ನೇ ಬಿಟ್ಟಿದ್ದೇನೆ. ಅಡುಗೆಮನೆ ಗೋಡೆಯ ಪಂಚಾಂಗದ ಕ್ಯಾಲೆಂಡರ್ ನೋಡಿ ಮೂರ್ನಾಲ್ಕು ದಿನಕ್ಕೊಮ್ಮೆ ನಾನೇ ಬದಲಿಸುತ್ತೇನೆ. ಹೊತ್ತುವ, ಆರುವ ಸಮಯವನ್ನು ಕಂಟ್ರೋಲರ್‌ನ ಸಾದಾ ಟೈಮರ್‌ನಲ್ಲೇ ಇಡುತ್ತೇನೆ. ಶುಕ್ಲಪಕ್ಷದಲ್ಲಿ ಸಂಜೆಗೆ ಹೊತ್ತಿ ಚಂದ್ರ ಮುಳುಗುವಾಗ ಆರುತ್ತದೆ, ಅಷ್ಟಮಿ ದಿನ ಮಧ್ಯರಾತ್ರಿಗೇ ಆರುತ್ತದೆ. ಬಹುಳದಲ್ಲಿ ತಡವಾಗಿ ಹೊತ್ತುತ್ತದೆ. ಅಮಾವಾಸ್ಯೆಯ ಆಚೀಚೆ ನಾಲ್ಕು ದಿನ ಪೂರ್ತಿ ಬಂದ್. ಚೌತಿಯ ಚಂದ್ರೋದಯದ ಸಮಯವಂತೂ ಸಂಕಷ್ಟಿಗಾಗಿ ಕ್ಯಾಲೆಂಡರಿನಲ್ಲೇ ಅಚ್ಚಾಗಿರುತ್ತದೆ. ಟೈಮರ್ ಇಡು ಅಂತ ನೆನಪಿಸುವ ಕೆಲಸ ಅಮ್ಮನದು, ಒಂದು ಸಲವೂ ಮರೆತಿಲ್ಲ.

ಹಾಲ್‌ನ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಇದೆಲ್ಲ ದಂಡ, ಅದೂ ನೆನಪಿರಲಿ. ಟ್ಯಾಂಕಿನ ಪಕ್ಕದ ಕಿಟಕಿಯಿಂದ ಬೀದಿದೀಪದ ಬೆಳಕೂ ಬರುತ್ತಿತ್ತು, ದಪ್ಪ ಪರದೆ ಹಾಕಿದೆವು. ಊರಿನ ದೀಪಗಳು ಬೀಳುವ ಕರಾವಳಿಯ ಹವಳಗಳು ತಮ್ಮ ದಿನಕ್ಕಿಂತ ಒಂದರಿಂದ ಮೂರು ದಿನ ಮೊದಲೇ ಮೊಟ್ಟೆ ಬಿಡುತ್ತವೆ ಅಂತ 2023ರ ಒಂದು ಅಧ್ಯಯನ ಹೇಳಿದೆ. ಅವಕ್ಕೂ ಆ ಸಂಜೆಯ ಕತ್ತಲೆ ಕಾಣದಂತಾಗಿದೆ.

ಕರೆಂಟ್ ಹೋದರೆ ಈ ಕಂಟ್ರೋಲರ್ ಎಲ್ಲ ಮರೆಯುತ್ತದೆ. ಇದು ನಿಜಕ್ಕೂ ಅಪಾಯದ ದೋಷ. ಮೊದಲ ತಿಂಗಳು, ಫಿಲ್ಮ್ ಹಾಕುವ ಮೊದಲು, ಮೂರು ದಿನಕ್ಕೆ ನಾವೆಲ್ಲ ಕುಮಟಾಗೆ ಹೋಗಿದ್ದೆವು. ಕರೆಂಟ್ ಹೋಗಿ ಬಂದಿದೆ. ಗಡಿಯಾರ ಹನ್ನೆರಡಕ್ಕೆ ನಿಂತು, ಬೆಳಕು ತಾನಾಗಿ 100 ಪರ್ಸೆಂಟ್‌ಗೆ ಹೋಗಿದೆ. ಎರಡು ರಾತ್ರಿ ಪೂರ್ತಿ ಹಾಗೇ ಉರಿದಿದೆ. ಬಂದು ನೋಡಿದರೆ ಝೋವಾಂಥಿಡ್‌ಗಳು ಹಗಲಲ್ಲಿ ಮುದುಡಿ ಕೂತಿದ್ದವು, ಕ್ಲೌನ್‌ಗಳ ಕಿತ್ತಳೆ ಬಣ್ಣ ಮಾಸಿತ್ತು. ಸರಿಹೋಗಲು ಹತ್ತು ದಿನ ಬೇಕಾಯಿತು. ಆ ದಿನಗಳಲ್ಲಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮಾರಿದವರಿಗೆ ಬರೆದರೆ 'ರೀಸೆಟ್ ಮಾಡಿ' ಅನ್ನುವ ಒಂದೇ ಸಾಲು ಬಂತು. ಈಗ ಪಂಪ್‌ನ ಜೊತೆ ಇದನ್ನೂ ಯುಪಿಎಸ್‌ಗೆ ಹಾಕಿದ್ದೇನೆ. ಯುಪಿಎಸ್ ಇಲ್ಲದವರು ದಯವಿಟ್ಟು ಇದನ್ನು ಕೊಳ್ಳಬೇಡಿ.

ಹೋದ ತಿಂಗಳು ಒಂದು ಕ್ಲೀನರ್ ಸೀಗಡಿಯ ಹೊಟ್ಟೆಯಡಿ ಹಸಿರು ಮೊಟ್ಟೆಗಳು ಕಂಡವು. ಎರಡು ವಾರ ಹೊತ್ತುಕೊಂಡು ತಿರುಗಿತು. ಒಂದು ರಾತ್ರಿ ಹತ್ತೂವರೆಗೆ, ಬೆಳದಿಂಗಳ ಪಟ್ಟಿ ಹೊತ್ತಿ ಸ್ವಲ್ಪ ಹೊತ್ತಾಗಿತ್ತು, ಅದು ಕಲ್ಲಿನ ತುದಿಗೆ ಬಂದು ಹಿಂಗಾಲುಗಳನ್ನು ಬಡಿಯತೊಡಗಿತು. ನೀರಿನಲ್ಲಿ ಪುಡಿ ಉದುರಿದ ಹಾಗೆ ಮರಿಗಳು ಎದ್ದವು. ಬೆಳಕಿನ ಕಡೆ ಈಜುವುದು ಅವುಗಳ ಸ್ವಭಾವ. ಅಷ್ಟು ಮಂಕು ಬೆಳಕಿಗೂ ಒಂದೊಂದಾಗಿ ಮೇಲೆ ಬಂದು ಪಟ್ಟಿಯ ಕೆಳಗೆ ಮೋಡದ ಹಾಗೆ ಗುಂಪುಗೂಡಿದವು. ಅಮ್ಮನನ್ನು ಎಬ್ಬಿಸಿ ತೋರಿಸಿದೆ. ಇಬ್ಬರೂ ನೆಲದ ಮೇಲೆ ಕೂತು ಒಂದು ಗಂಟೆ ನೋಡಿದೆವು. ಬೆಳಿಗ್ಗೆ ಹೊತ್ತಿಗೆ ಒಂದೂ ಉಳಿದಿರಲಿಲ್ಲ, ಮೀನು ತಿಂದಿರಬೇಕು, ಇಲ್ಲ ಫಿಲ್ಟರ್‌ಗೆ ಹೋಗಿರಬೇಕು. ಮುಂದಿನ ಸಲಕ್ಕೆ ಪಕ್ಕದಲ್ಲಿ ಒಂದು ಚಿಕ್ಕ ಡಬ್ಬಿ ಸಿದ್ಧ ಮಾಡಿಟ್ಟಿದ್ದೇನೆ.

ಐದಕ್ಕೆ ಎಷ್ಟು ಅಂಕ ಅಂದರೆ, ಪಟ್ಟಿಗೆ ನಾಲ್ಕು, ಕಂಟ್ರೋಲರ್‌ಗೆ ಒಂದು. ಯುಪಿಎಸ್ ಇದ್ದು, ಫಿಲ್ಮ್ ಅಂಟಿಸುವ ಮತ್ತು ಟೈಮರ್ ಬದಲಿಸುವ ತಾಳ್ಮೆ ಇದ್ದರೆ 2,600ಕ್ಕೆ ಇದು ಒಳ್ಳೆಯ ಮಾಲು. ಇದನ್ನು ತಯಾರಿಸುವವರು ಓದುವುದಾದರೆ ಒಂದೇ ಬೇಡಿಕೆ: 'ಲೂನಾರ್' ಮೋಡ್‌ನಲ್ಲೇ ಚಂದ್ರ ಹುಟ್ಟುವ ಹೊತ್ತು ತುಂಬಿಸಲು ಒಂದು ಜಾಗ ಕೊಡಿ. ಬರುವ ಸಂಕಷ್ಟಿಗೆ ಕ್ಯಾಲೆಂಡರ್‌ನಲ್ಲಿ 9:12 ಅಂತಿದೆ. ಟೈಮರ್ ಈಗಾಗಲೇ ಅದಕ್ಕೇ ಇಟ್ಟಿದ್ದೇನೆ.