ಕೊಲೆಸ್ಟ್ರಾಲ್ ಮಾತ್ರೆ ನಡೀತಿರೋವಾಗ ಓಟ್ಸ್ ಹಾಲು: ವರ್ಷದ ಮೇಲೆ ಕುಡಿದು ಬರೀತಿರೋದು

ನಾನು ದಿನಾ ಅಟೋರ್ವಾಸ್ಟಾಟಿನ್ (ಸ್ಟಾಟಿನ್ ಅನ್ನೋ ಗುಂಪಿನ ಕೊಲೆಸ್ಟ್ರಾಲ್ ಮಾತ್ರೆ) ತಗೋತೀನಿ, ಹಸುವಿನ ಹಾಲು ಬಿಟ್ಟು ಓಟ್ಸ್ ಹಾಲಿಗೆ ಬಂದು ವರ್ಷದ ಮೇಲಾಯ್ತು, ಅದಕ್ಕೂ ಮುಂಚೆ ಸೋಯಾ, ಬಾದಾಮಿ ಎರಡೂ ನೋಡಿದೀನಿ. ರುಚಿಗೆ ಫುಲ್ ಮಾರ್ಕ್ಸ್. ಸೋಯಾ ಹಾಲು ಬಿಸಿ ಕಾಫಿಗೆ ಬಿದ್ರೆ ಒಮ್ಮೊಮ್ಮೆ ಒಡೆದು ಬಿಳಿ ಚೂರು ಮೇಲೆ ತೇಲುತ್ತೆ, ಆ ಕಾಟ ಇದ್ರಲ್ಲಿಲ್ಲ. ಆದ್ರೆ ಡಬ್ಬ ಚೆನ್ನಾಗಿ ಅಲ್ಲಾಡಿಸ್ಲೇಬೇಕು, ಇಲ್ಲಾಂದ್ರೆ ಸೇರಿಸಿರೋ ಕ್ಯಾಲ್ಸಿಯಂ ಎಲ್ಲಾ ಸೀಮೆಸುಣ್ಣದ ಪುಡಿ ಥರ ತಳದಲ್ಲೇ ಕೂತಿರುತ್ತೆ.

ಈಗ ಎಲ್ರೂ ಕೇಳೋದು, ಮಾತ್ರೆ ಜೊತೆ ಇದು ತೊಂದ್ರೆ ಮಾಡುತ್ತಾ ಅಂತ. ಓಟ್ಸಲ್ಲಿ ಬೀಟಾ ಗ್ಲುಕಾನ್ ಅಂತ ಕರಗೋ ನಾರು ಇದೆ, ಅದು ಕರುಳಲ್ಲಿ ಲೋಳೆಯಾಗಿ ಪಿತ್ತದ ಆಮ್ಲಾನ ಹಿಡ್ಕೊಂಡು ಹೊರಗೆ ಹೋಗುತ್ತೆ, ಲಿವರ್ ಹೊಸ ಪಿತ್ತ ಮಾಡೋಕೆ ರಕ್ತದಲ್ಲಿರೋ ಕೊಲೆಸ್ಟ್ರಾಲ್ ಎಳ್ಕೋಬೇಕಾಗುತ್ತೆ. ಸ್ಟಾಟಿನ್ ದಾರೀನೇ ಬೇರೆ, ಲಿವರ್ ಕೊಲೆಸ್ಟ್ರಾಲ್ ತಯಾರಿಸೋದನ್ನೇ ಅದು ತಗ್ಗಿಸುತ್ತೆ. ಹಾಗಾಗಿ ಒಂದಕ್ಕೊಂದು ಅಡ್ಡ ಬರಲ್ಲ. ಒಂದೇ ಎಚ್ಚರಿಕೆ ಅಂದ್ರೆ, ಲೋವಾಸ್ಟಾಟಿನ್ ಅನ್ನೋ ಇನ್ನೊಂದು ಸ್ಟಾಟಿನ್ ತಗೊಳ್ಳೋರು ಓಟ್ಸ್ ತೌಡು, ಪೆಕ್ಟಿನ್ (ಹಣ್ಣಲ್ಲಿರೋ ನಾರು) ಜಾಸ್ತಿ ತಿಂದಾಗ ಮಾತ್ರೆ ಸರಿಯಾಗಿ ಹೀರ್ಕೊಳ್ದೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಮತ್ತೆ ಏರಿದ್ದು ವರದಿಯಾಗಿದೆ. ಒಂದು ಲೋಟ ಹಾಲಲ್ಲಿ ಅಷ್ಟು ನಾರು ಎಲ್ಲಿರುತ್ತೆ ಹೇಳಿ. ಆದ್ರೂ ನಾನು ಹಾಲು ಬೆಳಿಗ್ಗೆ, ಮಾತ್ರೆ ರಾತ್ರಿ ಅಂತ ಇಟ್ಕೊಂಡಿದೀನಿ, ಅಟೋರ್ವಾಸ್ಟಾಟಿನ್ ಯಾವ ಹೊತ್ತಲ್ಲಿ ತಗೊಂಡ್ರೂ ನಡೆಯುತ್ತೆ, ದಿನಾ ಒಂದೇ ಹೊತ್ತಾದ್ರೆ ಸಾಕು. ಈ ಹಾಲಿನ ಬಗ್ಗೆ ಇಷ್ಟು ತಲೆ ಕೆಡಿಸ್ಕೊಳ್ಳೋರು ಗ್ರೇಪ್‌ಫ್ರೂಟ್ ಜ್ಯೂಸ್ ಬಗ್ಗೆ ಕೇಳೋದೇ ಇಲ್ಲ, ಅಟೋರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್ ಪ್ರಮಾಣಾನ ರಕ್ತದಲ್ಲಿ ಏರಿಸೋದು ಅದು!

ಇನ್ನು ಡಬ್ಬದ ಮೇಲಿನ ಹಾರ್ಟ್ ಚಿತ್ರ ನೋಡಿ ಮರುಳಾಗ್ಬೇಡಿ. ಕೊಲೆಸ್ಟ್ರಾಲ್ ಇಳೀಬೇಕಾದ್ರೆ ದಿನಕ್ಕೆ 3 ಗ್ರಾಂ ಬೀಟಾ ಗ್ಲುಕಾನ್ ಬೇಕು, ಒಂದು ಲೋಟದಲ್ಲಿ ಸಾಮಾನ್ಯವಾಗಿ ಅಷ್ಟಿರಲ್ಲ, ಎಷ್ಟೋ ಕಂಪ್ನಿಯವ್ರು ಎಷ್ಟಿದೆ ಅಂತ ಬರೆಯೋದೂ ಇಲ್ಲ. ನನ್ನ ಎಲ್‌ಡಿಎಲ್ ಇಳಿದಿದೆ ನಿಜ, ಆದ್ರೆ ಅದೇ ಟೈಮಲ್ಲಿ ಡಾಕ್ಟ್ರು ಡೋಸೂ ಏರಿಸಿದ್ರು, ಕ್ರೆಡಿಟ್ ಹಾಲಿಗೆ ಕೊಡೋಕೆ ನಂಗಂತೂ ಮನಸ್ಸಿಲ್ಲ. ತೆಂಗಿನ ಹಾಲಿನ ಡಬ್ಬ ಆದ್ರೆ ಹಿಂದೆ ಸ್ಯಾಚುರೇಟೆಡ್ ಕೊಬ್ಬು ಎಷ್ಟಿದೆ ನೋಡ್ಕೊಳ್ಳಿ, ಎಲ್‌ಡಿಎಲ್ ಏರಿಸೋದೇ ಅದು. ಥೈರಾಯ್ಡ್ ಮಾತ್ರೇನೂ ನುಂಗೋರು ಸೋಯಾ ಆಗ್ಲಿ ಕ್ಯಾಲ್ಸಿಯಂ ಸೇರಿಸಿದ ಹಾಲಾಗ್ಲಿ ಅದ್ರ ಜೊತೆಗೇ ಕುಡೀಬೇಡಿ, ಲೆವೋಥೈರಾಕ್ಸಿನ್ ಹೀರ್ಕೊಳ್ಳೋದು ಕಮ್ಮಿಯಾಗುತ್ತೆ, ಕ್ಯಾಲ್ಸಿಯಂಗಂತೂ 4 ಗಂಟೆ ಗ್ಯಾಪ್ ಹೇಳ್ತಾರೆ.

ಶುಗರ್ ಇರೋರಿಗೆ ಇನ್ನೊಂದ್ ಮಾತು, ಸಕ್ಕರೆ ಹಾಕಿಲ್ಲ ಅಂತ ಬರೆದಿದ್ರೂ ಓಟ್ಸ್ ಹಾಲು ಸಿಹಿ ಇರುತ್ತೆ, ತಯಾರಿಸೋವಾಗ ಎನ್‌ಜೈಮ್ ಹಾಕಿ ಪಿಷ್ಟ ಒಡೆದಾಗ ಮಾಲ್ಟೋಸ್ ಅನ್ನೋ ಸಕ್ಕರೆ ಬರುತ್ತೆ. ಸ್ಟೆರಾಲ್ (ಕೊಲೆಸ್ಟ್ರಾಲ್ ಹೀರ್ಕೊಳ್ಳೋದನ್ನ ತಗ್ಗಿಸೋ ಸಸ್ಯದ ಅಂಶ) ಸೇರಿಸಿದ ಹಾಲು ಸಿಕ್ಕಿದ್ರೆ ಅದ್ರ ಲೆಕ್ಕ ಬೇರೆ, ದಿನಕ್ಕೆ 2 ಗ್ರಾಂ ಸ್ಟೆರಾಲ್ ಹೋದ್ರೆ ಎಲ್‌ಡಿಎಲ್ ಸುಮಾರು 10% ಇಳಿಯುತ್ತೆ, ಸ್ಟಾಟಿನ್ ಜೊತೆಗೂ ಕೆಲ್ಸ ಮಾಡುತ್ತೆ, ಡಾಕ್ಟ್ರಿಗೊಂದು ಮಾತು ಹೇಳಿ ಶುರು ಮಾಡಿ. ನನ್ನ ಓಟ್ಸ್ ಹಾಲಿಗೆ ಐದಕ್ಕೆ ನಾಲ್ಕು, ಅದೂ ಕಾಫಿಗೋಸ್ಕರ.